ಗುಳ್ಳೆ ನಿಂತಿತೆಂದು ಯೀಸ್ಟ್ ಡಬ್ಬಿಗೆ ಕೈ ಹಾಕಬೇಡಿ: ಮನೆಯಲ್ಲೇ ಮಾಡಿದ ಸಿಒ2 ವ್ಯವಸ್ಥೆಯ ದೋಷ ಹುಡುಕುವ ಬಗೆ

ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ (ಸಿಒ2) ಒದಗಿಸಲು ಅಕ್ವೇರಿಯಂಗೆ ಸಕ್ಕರೆ-ಯೀಸ್ಟ್ ಬಾಟಲಿ ಜೋಡಿಸಿದವರಿಗೆಲ್ಲ ಇದು ಗೊತ್ತು: ಮೊನ್ನೆಯವರೆಗೆ ಬುಳುಬುಳು ಎನ್ನುತ್ತಿದ್ದ ಗುಳ್ಳೆ ಇವತ್ತು ಇಲ್ಲ. ತಕ್ಷಣ ಮುಚ್ಚಳ ಬಿಚ್ಚಿ ಇನ್ನೊಂದು ಚಮಚ ಯೀಸ್ಟ್ ಸುರಿಯುವುದು ವಾಡಿಕೆ. ಅದರಿಂದ ಎರಡು ದಿನ ಗುಳ್ಳೆ ಜೋರಾಗುತ್ತದೆ, ಮೂರನೆಯ ದಿನ ಮತ್ತೆ ಅದೇ ಕತೆ. ಯೀಸ್ಟ್ ಹೆಚ್ಚಿಸಿದರೆ ಅನಿಲ ಬೇಗ ಬರುತ್ತದೆಯೇ ಹೊರತು ಹೆಚ್ಚು ಬರುವುದಿಲ್ಲ. ಎಷ್ಟು ಬರಬೇಕೆಂದು ತೀರ್ಮಾನಿಸುವುದು ಸಕ್ಕರೆ.

ದೋಷ ಇರಬಹುದಾದ ಜಾಗ ಮೂರೇ. ಅನಿಲ ಬಾಟಲಿಯಲ್ಲಿ ಹುಟ್ಟುತ್ತಿಲ್ಲ. ಹುಟ್ಟಿದ್ದು ತೊಟ್ಟಿಯವರೆಗೆ ಬರುತ್ತಿಲ್ಲ. ಬಂದದ್ದು ನೀರಿನಲ್ಲಿ ಕರಗುತ್ತಿಲ್ಲ. ಯಾವುದೆಂದು ಗೊತ್ತಾಗುವ ಮೊದಲು ಏನನ್ನೂ ಬದಲಿಸಬೇಡಿ. ಒಂದೇ ಸಲ ಯೀಸ್ಟ್, ಪೈಪು, ಡಿಫ್ಯೂಸರ್ (ಅನಿಲವನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಭಾಗ) ಮೂರನ್ನೂ ಬದಲಿಸಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಮೊದಲು ತಕ್ಕಡಿ

ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಗ್ರಾಂವರೆಗೆ ತೋರಿಸುವಂಥದ್ದು, ಈ ಕೆಲಸಕ್ಕೆ ಬೇರೆಲ್ಲ ಉಪಕರಣಕ್ಕಿಂತ ಮೇಲು. ಲೆಕ್ಕ ಸರಳ. 200 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 100 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ನಮ್ಮ ಕೋಣೆಯ ಉಷ್ಣತೆಯಲ್ಲಿ ಅದು 55 ಲೀಟರಿಗೂ ತುಸು ಹೆಚ್ಚು. ಉಳಿದದ್ದು ಮದ್ಯಸಾರವಾಗಿ ಬಾಟಲಿಯಲ್ಲೇ ಇರುತ್ತದೆ. ಹಾಗಾಗಿ ಹೊಸ ಬಾಟಲಿ ಕಟ್ಟಿದ ದಿನವೇ ಮುಚ್ಚಳ ಸಮೇತ ತೂಗಿ, ತೂಕವನ್ನು ಬಾಟಲಿಯ ಮೇಲೇ ಮಾರ್ಕರ್‌ನಲ್ಲಿ ಬರೆದುಬಿಡಿ. ಗುಳ್ಳೆ ನಿಂತ ದಿನ ಪೈಪನ್ನು ಕಳಚಿ, ಮುಚ್ಚಳ ಬಿಚ್ಚದೆ ಮತ್ತೆ ತೂಗಿ.

ತೂಕ 90 ಗ್ರಾಂನಷ್ಟು ಇಳಿದಿದ್ದರೆ ಸಕ್ಕರೆ ಮುಗಿದಿದೆ, ಹೊಸದು ಕಟ್ಟಿ. ಬರೀ 30 ಗ್ರಾಂ ಇಳಿದಿದ್ದರೆ ಪೈಪು ಮತ್ತೆ ಸಿಕ್ಕಿಸಿ 24 ಗಂಟೆ ಬಿಟ್ಟು ಇನ್ನೊಮ್ಮೆ ತೂಗಿ. ಈ ನಡುವೆ ತೊಟ್ಟಿಯಲ್ಲಿ ಒಂದೂ ಗುಳ್ಳೆ ಕಾಣದೆ ತೂಕ ಮಾತ್ರ ಐದಾರು ಗ್ರಾಂ ಇಳಿದಿದ್ದರೆ ಸೋರಿಕೆ ಖಚಿತ. ತೂಕ ಇದ್ದಲ್ಲೇ ಇದ್ದರೆ ಯೀಸ್ಟ್ ಮಲಗಿದೆ ಅಥವಾ ಸತ್ತಿದೆ. ಯೀಸ್ಟ್ ಮೇಲೆ ಅನುಮಾನ ಪಡುವುದು ಈ ಕೊನೆಯ ಉತ್ತರ ಸಿಕ್ಕ ಮೇಲೆ ಮಾತ್ರ.

ಅನಿಲ ಹುಟ್ಟದಿದ್ದರೆ

ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ-ಎತ್ತರದ ತೊಟ್ಟಿಗೆ, ಅಂದರೆ ಸುಮಾರು 55 ಲೀಟರ್ ನೀರಿಗೆ, ಹದವಾದ ಅಳತೆ ಇದು: 2 ಲೀಟರಿನ ಕೂಲ್‌ಡ್ರಿಂಕ್ ಬಾಟಲಿ, 200 ಗ್ರಾಂ ಸಕ್ಕರೆ, 1 ಲೀಟರ್ ಉಗುರುಬೆಚ್ಚಗಿನ ನೀರು, ಕಾಲು ಟೀ ಚಮಚ ಡ್ರೈ ಯೀಸ್ಟ್. ಬೇಕಿದ್ದರೆ ಕಾಲು ಟೀ ಚಮಚ ಅಡುಗೆ ಸೋಡಾ. ಹುದುಗುತ್ತ ಹೋದಂತೆ ದ್ರಾವಣ ತೀರಾ ಹುಳಿಯಾಗದಂತೆ ಅದು ತಡೆಯುತ್ತದೆ. ಬಾಟಲಿಯ ಮೇಲ್ಭಾಗ ಖಾಲಿ ಇರಲೇಬೇಕು, ನೊರೆಗೆ ಜಾಗ ಬೇಡವೇ? ಕುತ್ತಿಗೆವರೆಗೆ ತುಂಬಿಸಿದರೆ ನೊರೆ ಪೈಪು ಹತ್ತಿ ತೊಟ್ಟಿಗಿಳಿಯುತ್ತದೆ. ಸಕ್ಕರೆಯ ಬದಲು ಬೆಲ್ಲವೂ ನಡೆಯುತ್ತದೆ, ಆದರೆ ನೊರೆ ಹೆಚ್ಚು, ಗಲೀಜೂ ಹೆಚ್ಚು.

ಯೀಸ್ಟ್ ಕೈಕೊಡುವ ಕಾರಣಗಳಲ್ಲಿ ಮೊದಲನೆಯದು ಬಿಸಿ ನೀರು. ಸಕ್ಕರೆ ಬೇಗ ಕರಗಲೆಂದು ಕುದಿನೀರು ಹಾಕಿ, ಆರುವ ಮೊದಲೇ ಯೀಸ್ಟ್ ಸೇರಿಸಿದರೆ ಅದು ಅಲ್ಲೇ ಸಾಯುತ್ತದೆ. 35ರಿಂದ 40 ಡಿಗ್ರಿ ಸಾಕು. ಬಾಟಲಿ ಮುಟ್ಟಿದರೆ ಕೈಗೆ ಹಿತವಾಗಿ ಬೆಚ್ಚಗಿರಬೇಕು, ಅಷ್ಟೇ. ಎರಡನೆಯದು ಹಳೆಯ ಯೀಸ್ಟ್. ಬಿಚ್ಚಿದ ಪೊಟ್ಟಣ ಅಡುಗೆಮನೆಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತಿದ್ದರೆ ಅದನ್ನು ನಂಬಬೇಡಿ. ಅರ್ಧ ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಅರ್ಧ ಚಮಚ ಯೀಸ್ಟ್ ಹಾಕಿ ನೋಡಿ. ಹದಿನೈದು ನಿಮಿಷದಲ್ಲಿ ಮೇಲೆ ನೊರೆ ಕಟ್ಟದಿದ್ದರೆ ಪೊಟ್ಟಣ ಕಸದ ಬುಟ್ಟಿಗೆ. ಉಳಿದ ಯೀಸ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನೊಳಗೆ ಇಡಿ.

ಮೂರನೆಯದು ಸಕ್ಕರೆಯ ದುರಾಸೆ. 1 ಲೀಟರ್ ನೀರಿಗೆ 400 ಗ್ರಾಂ ಹಾಕಿದರೆ ಅನಿಲ ದುಪ್ಪಟ್ಟಾಗುವುದಿಲ್ಲ. ಮೇಲಿನ ಅಳತೆಯಲ್ಲೇ ಹುದುಗು ಮುಗಿಯುವ ಹೊತ್ತಿಗೆ ಮದ್ಯಸಾರ ಶೇ. 10 ದಾಟುತ್ತದೆ, ಬ್ರೆಡ್ ಯೀಸ್ಟ್ ಅದರಾಚೆ ಹೆಚ್ಚು ದೂರ ಹೋಗದು. ಮಿಕ್ಕ ಸಕ್ಕರೆ ಪಾಕವಾಗಿ ಕೂರುತ್ತದೆ. ಜೊತೆಗೆ ಅಷ್ಟು ದಪ್ಪ ಪಾಕದಲ್ಲಿ ಯೀಸ್ಟ್ ಏಳುವುದೂ ನಿಧಾನ. ನಿಂತ ಬಾಟಲಿಯ ದ್ರಾವಣ ಬೆರಳಿಗೆ ಅಂಟಂಟಾಗಿದ್ದರೆ ಸಕ್ಕರೆ ಇನ್ನೂ ಉಳಿದಿದೆ ಎಂದು ಅರ್ಥ.

ಹವೆಯ ವಿಚಾರ ದೋಸೆ ಹಿಟ್ಟು ನೆನೆಸಿದವರಿಗೆ ಹೇಳಬೇಕಿಲ್ಲ. ಡಿಸೆಂಬರಿನ ಬೆಂಗಳೂರು ರಾತ್ರಿಯಲ್ಲಿ ತಣ್ಣನೆಯ ಗ್ರಾನೈಟ್ ನೆಲದ ಮೇಲಿಟ್ಟ ಬಾಟಲಿ ಬೆಳಗ್ಗೆ ಹೊತ್ತಿಗೆ ಬಹುತೇಕ ನಿಂತಿರುತ್ತದೆ, ಮಧ್ಯಾಹ್ನ ತಾನಾಗಿಯೇ ಎಚ್ಚರವಾಗುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಇದಕ್ಕೆ ತದ್ವಿರುದ್ಧ: ಎರಡು ವಾರ ಬರಬೇಕಾದ್ದು ಒಂದೇ ವಾರದಲ್ಲಿ ಉರಿದುಹೋಗುತ್ತದೆ. ಎರಡಕ್ಕೂ ಮದ್ದು ಒಂದೇ: ಬಾಟಲಿಯನ್ನು ಅರ್ಧ ಬಕೆಟ್ ನೀರಿನಲ್ಲಿ ನಿಲ್ಲಿಸಿ. ನೀರು ಬೇಗ ಕಾಯುವುದೂ ಇಲ್ಲ, ಬೇಗ ತಣಿಯುವುದೂ ಇಲ್ಲ. ಚಳಿಗಾಲದಲ್ಲಿ ಬಕೆಟ್ಟಿನ ಕೆಳಗೆ ಥರ್ಮಾಕೋಲ್ ತುಂಡಿಟ್ಟರೆ ಇನ್ನೂ ಒಳ್ಳೆಯದು.

ಅನಿಲ ಏರುಪೇರಾಗುವುದು ಬಾಟಲಿಯ ಹುಟ್ಟುಗುಣ. ಮೊದಲ ವಾರ ಜೋರು, ಆಮೇಲೆ ಇಳಿಮುಖ. ಗಿಡಗಳಿಗಿಂತ ಇದು ಖುಷಿ ಕೊಡುವುದು ಪಾಚಿಗೆ. ಎಲೆಯ ಅಂಚಿಗೆ ಕಪ್ಪು ಕುಂಚದಂತೆ ಹತ್ತುವ ಪಾಚಿ ಬಂತೆಂದರೆ ಅನಿಲ ಒಂದೇ ಸಮ ಇಲ್ಲವೆಂಬ ಅನುಮಾನ ಬರಬೇಕು. ಎರಡು ಬಾಟಲಿಗಳನ್ನು ಟಿ-ಜಾಯಿಂಟ್‌ನಿಂದ ಸೇರಿಸಿ, ಒಂದನ್ನು ಕಟ್ಟಿದ ವಾರದ ನಂತರ ಇನ್ನೊಂದನ್ನು ಕಟ್ಟಿ. ಆಮೇಲೆ ವಾರಕ್ಕೊಂದರಂತೆ ಹಳೆಯದನ್ನು ಮಾತ್ರ ಬದಲಿಸುತ್ತ ಹೋಗಿ. ಪ್ರತಿ ಬಾಟಲಿಯ ಪೈಪಿಗೂ ಪ್ರತ್ಯೇಕ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಹರಿಯಬಿಡುವ ಕವಾಟ) ಇರಲಿ, ಇಲ್ಲವಾದರೆ ಬದಲಿಸಲು ಒಂದನ್ನು ಬಿಚ್ಚಿದಾಗ ಇನ್ನೊಂದರ ಅನಿಲ ಅಲ್ಲಿಂದಲೇ ಹೋಗುತ್ತದೆ.

ಹುಟ್ಟಿದ ಅನಿಲ ದಾರಿ ತಪ್ಪಿದರೆ

ಒಂದು ಅಡಿ ನೀರಿನಡಿ ತೆರೆದ ಪೈಪಿನಿಂದ ಗುಳ್ಳೆ ಹೊರಡಿಸಲು ಬೇಕಾದ ಒತ್ತಡ ತೀರಾ ಕಡಿಮೆ, ಚದರ ಸೆಂಟಿಮೀಟರಿಗೆ ಬರೀ 30 ಗ್ರಾಂನಷ್ಟು. ಅಷ್ಟು ಕಡಿಮೆ ಒತ್ತಡಕ್ಕೂ ಮುಚ್ಚಳದಲ್ಲಿ ಸೂಜಿಮೊನೆಯ ಸಂದಿಯಿದ್ದರೆ ಅನಿಲಕ್ಕೆ ಅದೇ ಹೆದ್ದಾರಿ. ಪಿಂಗಾಣಿ ಬಿಲ್ಲೆಯ ಡಿಫ್ಯೂಸರ್ ಹಾಕಿದ ದಿನವೇ ಗುಳ್ಳೆ ನಿಂತಿತು ಎಂದು ಗೋಳಾಡುವವರ ವ್ಯವಸ್ಥೆಯಲ್ಲಿ ಸೋರಿಕೆ ಮೊದಲಿನಿಂದಲೂ ಇರುತ್ತದೆ. ಬಿಲ್ಲೆ ಹೆಚ್ಚು ಒತ್ತಡ ಕೇಳಿದಾಗ ಅದು ಬಯಲಾಗುತ್ತದೆ, ಅಷ್ಟೇ.

ಸೋರಿಕೆಯ ತವರು ಮುಚ್ಚಳ. ಕೂಲ್‌ಡ್ರಿಂಕ್ ಬಾಟಲಿಯ ಮುಚ್ಚಳ ಪಾಲಿಥೀನ್ ಜಾತಿಯ ಪ್ಲಾಸ್ಟಿಕ್. ಸಿಲಿಕೋನ್, ಎಪಾಕ್ಸಿ ಅಂಟು, ಎಂ-ಸೀಲ್ ಯಾವುದೂ ಅದಕ್ಕೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಮೊದಲ ದಿನ ಹಿಡಿದಂತೆ ಕಂಡರೂ ಪೈಪು ನಾಲ್ಕು ಸಲ ಅಲುಗಾಡಿದರೆ ಏಳುತ್ತದೆ. ಅಂಟನ್ನು ಮರೆತು ಬಿಗಿಯನ್ನು ನಂಬಿ. ಹೊರವ್ಯಾಸ 6 ಮಿಲಿಮೀಟರ್ ಇರುವ ಪೈಪಿಗೆ 5 ಮಿಲಿಮೀಟರ್ ಮೀರದ ತೂತು ಕೊರೆಯಿರಿ. ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಚೂಪು ತುದಿಯನ್ನು ತೂತಿನಲ್ಲಿ ತೂರಿಸಿ, ಒಳಗಿನಿಂದ ಇಕ್ಕಳದಲ್ಲಿ ಹಿಡಿದು ಎಳೆಯಿರಿ. ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ಪೈಪು ಮೆದುವಾಗಿ ಬರುತ್ತದೆ. ಕಾದ ಮೊಳೆಯಿಂದ ತೂತು ಮಾಡಬೇಡಿ, ಅಂಚು ಅಂಕುಡೊಂಕಾಗುತ್ತದೆ. ಇಷ್ಟೆಲ್ಲ ತಾಪತ್ರಯ ಬೇಡವೆಂದರೆ ನಟ್ಟು, ರಬ್ಬರ್ ವಾಷರ್ ಸಮೇತ ಬರುವ ಲೋಹದ ಕನೆಕ್ಟರ್ ಇರುವ ಮುಚ್ಚಳವನ್ನೇ ಕೊಳ್ಳಿ. ಖರ್ಚು ಮಾಡಬೇಕಾದ ಜಾಗವೇನಾದರೂ ಇದ್ದರೆ ಇದೇ.

ಪೈಪಿನ ಜಾತಿಯೂ ಮುಖ್ಯ. ಮೆತ್ತನೆಯ ಸಿಲಿಕೋನ್ ಪೈಪು ಬಳುಕಲು ಚೆಂದ, ಆದರೆ ಇಂಗಾಲದ ಡೈಆಕ್ಸೈಡ್ ಅದರ ಗೋಡೆಯ ಮೂಲಕವೇ ಮೆಲ್ಲಗೆ ಹೊರಹೋಗುತ್ತದೆ. ತೂತು ಹುಡುಕಿದರೆ ಸಿಗುವುದಿಲ್ಲ. ಪಿವಿಸಿ ಅಥವಾ ಪಾಲಿಯುರಿಥೇನ್ ಪೈಪು ಬಳಸಿ, ಉದ್ದ ಕಡಿಮೆ ಇಡಿ.

ಪರೀಕ್ಷೆ ಹೀಗೆ: ಮಿಶ್ರಣ ಹಾಕುವ ಮೊದಲು ಖಾಲಿ ಬಾಟಲಿಗೆ ಮುಚ್ಚಳ ಬಿಗಿದು, ಪೈಪಿನ ತುದಿ ಮಡಚಿ ಹಿಡಿದು, ಬಕೆಟ್ ನೀರಿನಲ್ಲಿ ಮುಳುಗಿಸಿ ಎರಡೂ ಕೈಯಿಂದ ಹಿಚುಕಿ. ಎಲ್ಲಿಂದ ಗುಳ್ಳೆ ಬರುತ್ತದೋ ಅಲ್ಲಿ ದೋಷ. ಜೋಡಿಸಿದ ಮೇಲೆ ಅನುಮಾನ ಬಂದರೆ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ನೀರಿಗೆ ಬೆರೆಸಿ ಬ್ರಷ್ಷಿನಿಂದ ಪ್ರತಿ ಕೀಲಿಗೂ ಹಚ್ಚಿ. ಆ ಸಾಬೂನು ತೊಟ್ಟಿಯ ನೀರಿಗೆ ಬೀಳದಂತೆ ಎಚ್ಚರ.

ಚೆಕ್ ವಾಲ್ವ್‌ನ ಬಾಣದ ಗುರುತು ತೊಟ್ಟಿಯ ಕಡೆಗಿರಬೇಕು. ಉಲ್ಟಾ ಹಾಕಿ, ಅನಿಲ ಬರುತ್ತಿಲ್ಲವೆಂದು ಮೂರು ದಿನ ಯೀಸ್ಟ್ ಬದಲಿಸಿದವರು ಕಡಿಮೆಯಿಲ್ಲ. ಅಗ್ಗದ ಪ್ಲಾಸ್ಟಿಕ್ ವಾಲ್ವ್‌ನೊಳಗಿನ ರಬ್ಬರ್ ಕೆಲ ತಿಂಗಳಲ್ಲಿ ಬಿರುಸಾಗುತ್ತದೆ. ಬಾಯಿಂದ ಎರಡೂ ಕಡೆ ಊದಿ ನೋಡಿ, ಎರಡೂ ಕಡೆ ಗಾಳಿ ಹೋದರೆ ಎಸೆಯಿರಿ. ವಾಲ್ವ್ ಕೆಟ್ಟರೆ, ರಾತ್ರಿ ತಣಿದು ಬಾಟಲಿಯೊಳಗಿನ ಒತ್ತಡ ಇಳಿದಾಗ ತೊಟ್ಟಿಯ ನೀರು ಪೈಪಿನಲ್ಲಿ ಹಿಂದಕ್ಕೆ ಬಂದು, ಬೆಳಗ್ಗೆ ನೆಲವೆಲ್ಲ ಕೆರೆ. ನಡುವೆ ಅರ್ಧ ನೀರು ತುಂಬಿದ ಒಂದು ಚಿಕ್ಕ ಬಾಟಲಿಯೂ ಇರಲಿ: ಬರುವ ಪೈಪು ನೀರಿನೊಳಗೆ, ಹೋಗುವ ಪೈಪು ನೀರಿನ ಮೇಲೆ. ಗುಳ್ಳೆ ಎಣಿಸಬಹುದು, ಉಕ್ಕಿದ ನೊರೆಯೂ ಇಲ್ಲೇ ತಡೆಯುತ್ತದೆ.

ಒಂದು ಮಾತು ಮಾತ್ರ ಮರೆಯಬಾರದು. ಯೀಸ್ಟ್ ಬಾಟಲಿಯ ದಾರಿಯಲ್ಲಿ ಮುಚ್ಚಬಲ್ಲ ವಾಲ್ವ್ ಇಡಬೇಡಿ. ಡ್ರಿಪ್ ಸೆಟ್ಟಿನ ಚಕ್ರದ ಕ್ಲಾಂಪ್ ತಿರುಗಿಸಿ ರಾತ್ರಿ ಬಂದ್ ಮಾಡಿದರೂ ಯೀಸ್ಟ್ ನಿಮ್ಮ ಮಾತು ಕೇಳುವುದಿಲ್ಲ. ಒತ್ತಡ ಏರುತ್ತ ಹೋಗಿ, ಮೊದಲು ಸೋಲುವ ಕೀಲು ಹಾರುತ್ತದೆ. ಗೋಡೆ ಪೂರ್ತಿ ಸಕ್ಕರೆ ಪಾಕ. ಗಾಜಿನ ಬಾಟಲಿಯಂತೂ ಯಾವ ಕಾರಣಕ್ಕೂ ಬೇಡ. ಕುಡಿಯುವ ನೀರಿನ ತೆಳು ಬಾಟಲಿಯೂ ಬೇಡ. ಗ್ಯಾಸ್ ತುಂಬಿದ ಪಾನೀಯ ಬಂದಿದ್ದ ಬಾಟಲಿ ಮಾತ್ರ ಒತ್ತಡಕ್ಕೆಂದು ಮಾಡಿದ್ದು.

ನಿಂಬೆ ಉಪ್ಪು, ಅಡುಗೆ ಸೋಡಾದ ಎರಡು ಬಾಟಲಿ

ಬೇಕಾದಾಗ ನಿಲ್ಲಿಸಬಲ್ಲ ವ್ಯವಸ್ಥೆ ಇದು. ಮೊದಲ ಬಾಟಲಿಗೆ 200 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), 300 ಮಿಲಿಲೀಟರ್ ನೀರು. ಎರಡನೆಯದಕ್ಕೆ 200 ಗ್ರಾಂ ಅಡುಗೆ ಸೋಡಾ, 200 ಮಿಲಿಲೀಟರ್ ನೀರು. ಸೋಡಾ ಪೂರ್ತಿ ಕರಗದೆ ಗಸಿಯಾಗಿ ಕೂರುತ್ತದೆ, ಅದು ದೋಷವಲ್ಲ. ಒಟ್ಟು ಸಿಗುವ ಅನಿಲ ಇಲ್ಲೂ 100 ಗ್ರಾಂ ಆಸುಪಾಸು, ಹಾಗಾಗಿ ತಕ್ಕಡಿಯ ಉಪಾಯ ಇದಕ್ಕೂ ಹೊಂದುತ್ತದೆ. ಅಂಗಡಿಯಲ್ಲಿ ಬೇಕಿಂಗ್ ಪೌಡರ್ ಕೊಟ್ಟರೆ ತರಬೇಡಿ. ಅದರಲ್ಲಿ ಹಿಟ್ಟೂ ಆಮ್ಲದ ಪುಡಿಯೂ ಮೊದಲೇ ಬೆರೆತಿರುತ್ತವೆ, ನೀರು ಬಿದ್ದೊಡನೆ ಅಲ್ಲೇ ಉಕ್ಕಿ ಮುಗಿಯುತ್ತದೆ.

ಕೆಲಸ ಮಾಡುವ ಬಗೆ ತಿಳಿದರೆ ದೋಷ ತಾನಾಗಿ ತಿಳಿಯುತ್ತದೆ. ಸೋಡಾ ಬಾಟಲಿಯ ಅನಿಲ ಒಂದು ಚೆಕ್ ವಾಲ್ವ್ ದಾಟಿ ಆಮ್ಲದ ಬಾಟಲಿಗೂ ಹೋಗಿ ಅಲ್ಲಿ ಒತ್ತಡ ಕೂಡಿಡುತ್ತದೆ. ಹರಿವನ್ನು ಸಣ್ಣಗೆ ಹೊಂದಿಸುವ ನೀಡಲ್ ವಾಲ್ವ್ ಮೂಲಕ ತೊಟ್ಟಿಗೆ ಅನಿಲ ಹೋದಂತೆ ಸೋಡಾ ಬಾಟಲಿಯ ಒತ್ತಡ ಇಳಿಯುತ್ತದೆ. ಆಮ್ಲದ ಬಾಟಲಿಯದು ಚೆಕ್ ವಾಲ್ವ್‌ನಿಂದಾಗಿ ಇಳಿಯದು. ಈ ವ್ಯತ್ಯಾಸ ಸ್ವಲ್ಪ ಆಮ್ಲವನ್ನು ಅತ್ತ ತಳ್ಳುತ್ತದೆ, ಮತ್ತೆ ಅನಿಲ ಹುಟ್ಟುತ್ತದೆ. ಮೊದಲ ಸಲ ಮಾತ್ರ ಆಮ್ಲದ ಬಾಟಲಿಯನ್ನು ಕೈಯಿಂದ ಹಿಚುಕಿ ಚಾಲನೆ ಕೊಡಬೇಕು.

ಹಿಚುಕಿದಾಗ ಅನಿಲ ಬಂದು, ಆಮೇಲೆ ತಾನಾಗಿ ಆಮ್ಲ ಹರಿಯದಿದ್ದರೆ ನಡುವಿನ ಚೆಕ್ ವಾಲ್ವ್ ಉಲ್ಟಾ ಆಗಿದೆ ಅಥವಾ ಕೆಟ್ಟಿದೆ. ವಾಲ್ವ್ ಸರಿಯಿದ್ದರೆ ಆಮ್ಲದ ಬಾಟಲಿಯೊಳಗಿನ ಕೊಳವೆ ನೋಡಿ: ಅದು ತಳ ಮುಟ್ಟದಿದ್ದರೆ, ಇಲ್ಲವೇ ಮೇಲ್ಭಾಗದಲ್ಲಿ ಸೀಳಿದ್ದರೆ ಆಮ್ಲದ ಬದಲು ಬರೀ ಅನಿಲ ದಾಟುತ್ತದೆ. ಸಂಜೆ ವಾಲ್ವ್ ಮುಚ್ಚಿದಾಗ ಇದ್ದ ಒತ್ತಡ ಬೆಳಗ್ಗೆ ಸೊನ್ನೆಯಾಗಿದ್ದರೆ ಸೋರಿಕೆ; ಮುಚ್ಚಳದ ರಬ್ಬರ್ ವಾಷರ್‌ನಿಂದ ಶುರುಮಾಡಿ. ಒತ್ತಡ ಮಾಪಕದ ಮುಳ್ಳು ದಿಢೀರನೆ ಮೇಲೇರುವುದು ನೀಡಲ್ ವಾಲ್ವನ್ನು ಒಮ್ಮೆಲೇ ಪೂರ್ತಿ ತೆರೆದಾಗ: ಒತ್ತಡ ಕುಸಿದು ಆಮ್ಲ ಧಾರೆಯಾಗಿ ಸುರಿಯುತ್ತದೆ. ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಹತ್ತು ನಿಮಿಷ ಕಾದು, ಮತ್ತೆ ತಿರುಗಿಸಿ. ಒತ್ತಡ ಬಿಡುಗಡೆಯ ವಾಲ್ವ್ ಇಲ್ಲದ ಕಿಟ್ ಎಷ್ಟೇ ಅಗ್ಗವಾದರೂ ಬೇಡ. ನೀಡಲ್ ವಾಲ್ವ್‌ನ ಬಾಯಲ್ಲಿ ಬಿಳಿ ಹುಡಿ ಕಟ್ಟಿದ್ದರೆ ಸೋಡಾ ಗಸಿ ಚಿಮ್ಮಿ ಅಲ್ಲಿಯವರೆಗೆ ಬಂದಿದೆ. ಆ ಬಾಟಲಿ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಬಾಟಲಿ ಮುಟ್ಟಿದರೆ ತಣ್ಣಗಿದ್ದರೆ ಗಾಬರಿ ಬೇಡ, ಈ ರಾಸಾಯನಿಕ ಕ್ರಿಯೆ ಶಾಖ ಹೀರುವಂಥದ್ದು.

ಗುಳ್ಳೆ ಇದೆ, ಫಲ ಇಲ್ಲ

ಹೊಸ ಯೀಸ್ಟ್ ಬಾಟಲಿಯ ಮೊದಲ ದಿನದ ಗುಳ್ಳೆಯಲ್ಲಿ ಬಹುಪಾಲು ಬಾಟಲಿಯಲ್ಲಿದ್ದ ಮಾಮೂಲಿ ಗಾಳಿ. ಅದು ಕರಗುವುದಿಲ್ಲ, ಗಿಡಕ್ಕೆ ಪ್ರಯೋಜನವೂ ಇಲ್ಲ. ಮಾರನೆಯ ದಿನದಿಂದ ಲೆಕ್ಕ ಹಿಡಿಯಿರಿ.

ಯೀಸ್ಟ್ ಬಾಟಲಿಗೆ ಪಿಂಗಾಣಿ ಬಿಲ್ಲೆ ಒಳ್ಳೆಯ ಜೋಡಿಯಲ್ಲ. ಪೈಪಿನ ತುದಿಯನ್ನು ಒಳಗಿನ ಫಿಲ್ಟರಿನ ಹೀರುಬಾಯಿಗೆ ಸಿಕ್ಕಿಸಿ, ಅದರ ಪಂಕವೇ ಗುಳ್ಳೆಯನ್ನು ಪುಡಿಮಾಡುತ್ತದೆ. ಇಲ್ಲವೇ ಕವುಚಿ ಹಾಕಿದ ಸಣ್ಣ ಪ್ಲಾಸ್ಟಿಕ್ ಲೋಟದೊಳಗೆ ಅನಿಲ ತುಂಬಿಸಿಡಿ, ನಿಧಾನವಾಗಿ ಕರಗುತ್ತದೆ. ಲೋಟದಲ್ಲಿ ಕರಗದ ಗಾಳಿ ಸೇರುತ್ತ ಹೋಗುವುದರಿಂದ ವಾರಕ್ಕೊಮ್ಮೆ ಓರೆಮಾಡಿ ಹೊರಬಿಡಬೇಕು. ಪೈಪಿನ ತುದಿಯಲ್ಲಿ ಬಿಳಿ ಲೋಳೆ ಬೆಳೆದರೆ ಒರೆಸಿ ತೆಗೆಯಿರಿ, ಹಾನಿಯಿಲ್ಲ. ಆದರೆ ತೊಟ್ಟಿಯ ನೀರೇ ಹಾಲಿನಂತೆ ಮಸುಕಾದರೆ ಬಾಟಲಿಯ ದ್ರಾವಣ ಒಳಗೆ ಬಂದಿದೆ: ಅರ್ಧ ನೀರು ಬದಲಿಸಿ, ಏರ್ ಪಂಪ್ ಹಾಕಿ.

ನಿಂಬೆ ಉಪ್ಪಿನ ವ್ಯವಸ್ಥೆಗೆ ಬಿಲ್ಲೆ ಸರಿ. ಪಾಚಿ ಕಟ್ಟಿ ಗುಳ್ಳೆ ದಪ್ಪವಾದಾಗ ಬಿಲ್ಲೆಯನ್ನು ಸಮಪ್ರಮಾಣದ ನೀರು ಬೆರೆಸಿದ ಬ್ಲೀಚ್ ದ್ರಾವಣದಲ್ಲಿ ಎರಡು ಗಂಟೆ ಮುಳುಗಿಸಿ, ಚೆನ್ನಾಗಿ ತೊಳೆದು, ಕ್ಲೋರಿನ್ ತೆಗೆಯುವ ದ್ರಾವಣ ಹಾಕಿದ ನೀರಿನಲ್ಲಿ ರಾತ್ರಿಯಿಡೀ ಬಿಡಿ. ಬ್ಲೀಚಿಗೆ ನಿಂಬೆ ಉಪ್ಪು ಎಂದೂ ಸೋಕಬಾರದು, ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಎರಡೂ ಒಂದೇ ಕಪಾಟಿನಲ್ಲಿ ಇರುವ ಮನೆಗಳಿಗೆ ಇದನ್ನು ಒತ್ತಿ ಹೇಳಬೇಕು.

ಮೇಲಿನಿಂದ ಜಲಪಾತದಂತೆ ನೀರು ಬೀಳಿಸುವ ಫಿಲ್ಟರ್ ಇದ್ದರೆ ಕರಗಿದ್ದೂ ಹಾರಿಹೋಗುತ್ತದೆ. ನೀರಿನ ಮಟ್ಟವನ್ನು ಫಿಲ್ಟರಿನ ತುಟಿಯವರೆಗೆ ಏರಿಸಿ.

ಕರಗಿದ ಅನಿಲ ಅಳೆಯಲು ಡ್ರಾಪ್ ಚೆಕರ್ (ಬಣ್ಣ ಬದಲಿಸುವ ದ್ರಾವಣ ತುಂಬಿ ತೊಟ್ಟಿಯೊಳಗಿಡುವ ಪುಟ್ಟ ಬುರುಡೆ) ಸಾಕು, ಆದರೆ ಅದರೊಳಗೆ ತೊಟ್ಟಿಯ ನೀರು ತುಂಬಿಸಿದರೆ ಬಣ್ಣಕ್ಕೆ ಅರ್ಥವಿಲ್ಲ. ಕೊಳವೆಬಾವಿ ನೀರಿನ ಕೆಎಚ್ (ಕಾರ್ಬೊನೇಟ್ ಗಡಸುತನ) 10 ದಾಟಿರಬಹುದು, ನದಿ ನೀರಿನದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಕೆಎಚ್ 4ರ ದ್ರಾವಣ ಮನೆಯಲ್ಲೇ ಆಗುತ್ತದೆ: 1 ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ 1.2 ಗ್ರಾಂ ಅಡುಗೆ ಸೋಡಾ ಕರಗಿಸಿ, ಅದರಲ್ಲಿ 100 ಮಿಲಿಲೀಟರ್ ತೆಗೆದು ಮತ್ತೆ ಡಿಸ್ಟಿಲ್ಡ್ ವಾಟರ್ ಸೇರಿಸಿ 1 ಲೀಟರ್ ಮಾಡಿ. ಇದಕ್ಕೆ ಬ್ರೋಮೋಥೈಮಾಲ್ ಬ್ಲೂ ಎರಡು ಮೂರು ಹನಿ. ನೀಲಿ ಎಂದರೆ ಸಾಲದು, ಹಸಿರು ಎಂದರೆ 30 ಪಿಪಿಎಂ ಆಸುಪಾಸು, ಹಳದಿ ಎಂದರೆ ಮೀನಿಗೆ ಕುತ್ತು. ಬಣ್ಣ ಬದಲಾಗಲು ಎರಡು ಗಂಟೆ ಹಿಡಿಯುತ್ತದೆ. ಈಗ ಕಾಣುವ ಹಸಿರು ಆಗಿನ ಸುದ್ದಿ. ಪಿಎಚ್ ಪೆನ್ ಇದ್ದರೆ ಇನ್ನೊಂದು ದಾರಿ: ಒಂದು ಲೋಟ ತೊಟ್ಟಿಯ ನೀರನ್ನು 24 ಗಂಟೆ ತೆರೆದಿಟ್ಟು ಅಳೆಯಿರಿ. ತೊಟ್ಟಿಯ ಪಿಎಚ್ ಅದಕ್ಕಿಂತ 1 ಅಂಕ ಕಡಿಮೆಯಿದ್ದರೆ ಹೆಚ್ಚುಕಡಿಮೆ 30 ಪಿಪಿಎಂ.

ಜಾವಾ ಫರ್ನ್, ಅನುಬಿಯಾಸ್ ಮಾತ್ರ ಇರುವ ತೊಟ್ಟಿಗೆ ಈ ಯಾವ ಉಸಾಬರಿಯೂ ಬೇಡ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ-ಎತ್ತರದ ತೊಟ್ಟಿ 190 ಲೀಟರ್ ಹಿಡಿಯುತ್ತದೆ. ಅಲ್ಲಿಗೆ ಬಾಟಲಿ ಮೇಲೆ ಬಾಟಲಿ ಕಟ್ಟುವ ಬದಲು ಸಿಲಿಂಡರ್ ತರುವುದೇ ಲೇಸು.

ಮೀನು ಮೇಲೆ ಬಂದು ಬಾಯಿ ಬಿಟ್ಟರೆ

ಮೊದಲು ಪೈಪನ್ನು ತೊಟ್ಟಿಯಿಂದ ಹೊರಗೆಳೆಯಿರಿ. ಯೀಸ್ಟ್ ಬಾಟಲಿಯಾದರೆ ತುದಿ ತೆರೆದೇ ಇರಲಿ, ಮಡಚಿ ಕಟ್ಟಬೇಡಿ. ಏರ್ ಪಂಪ್ ಪೂರ್ತಿ ಜೋರಿಗೆ ಹಾಕಿ, ಮೂರನೇ ಒಂದು ಭಾಗ ನೀರು ಬದಲಿಸಿ. ಪಶ್ಚಿಮಘಟ್ಟದ ಹರಿಯುವ ತೊರೆಗಳಿಂದ ಬಂದ ಡೆನಿಸನ್ ಬಾರ್ಬ್‌ನಂಥ ಮೀನುಗಳಿಗೆ ಆಮ್ಲಜನಕ ಹೆಚ್ಚು ಬೇಕು, ಅವು ಇತರರಿಗಿಂತ ಮೊದಲೇ ಸೂಚನೆ ಕೊಡುತ್ತವೆ.

ಇದು ಬೆಳಗಿನ ಜಾವವೇ ಏಕೆ ಆಗುತ್ತದೆ? ದೀಪ ಆರಿದ ಮೇಲೆ ಗಿಡಗಳು ಇಂಗಾಲದ ಡೈಆಕ್ಸೈಡ್ ಬಳಸುವುದಿಲ್ಲ, ಬದಲಿಗೆ ಅವೂ ಮೀನಿನ ಜೊತೆ ಆಮ್ಲಜನಕ ಉಸಿರಾಡುತ್ತವೆ. ಯೀಸ್ಟ್ ಮಾತ್ರ ತನ್ನ ಪಾಡಿಗೆ ಅನಿಲ ಬಿಡುತ್ತಲೇ ಇರುತ್ತದೆ. ದೀಪ ಆರುವ ಹೊತ್ತಿಗೆ ಏರ್ ಪಂಪ್ ಶುರುವಾಗಿ, ದೀಪ ಹೊತ್ತುವ ಹೊತ್ತಿಗೆ ನಿಲ್ಲುವಂತೆ ಟೈಮರ್ ಹಾಕಿ. ಕರೆಂಟ್ ಹೋದರೆ ಫಿಲ್ಟರೂ ಪಂಪೂ ನಿಂತು ಬಾಟಲಿಯೊಂದೇ ಕೆಲಸ ಮಾಡುತ್ತಿರುತ್ತದೆ. ಗಂಟೆಗಟ್ಟಲೆ ಪವರ್ ಕಟ್ ಇರುವ ಊರಾದರೆ ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ, ಊರಿಗೆ ಹೋಗುವಾಗ ಪೈಪು ಹೊರಗೆ ತೆಗೆದಿಟ್ಟು ಹೋಗಿ. ನಿಂಬೆ ಉಪ್ಪಿನ ವ್ಯವಸ್ಥೆಗೆ ಸೊಲೆನಾಯ್ಡ್ ವಾಲ್ವ್ ಜೋಡಿಸಿದ್ದರೆ ಕರೆಂಟ್ ಹೋದೊಡನೆ ಅದು ತಾನೇ ಮುಚ್ಚಿಕೊಳ್ಳುತ್ತದೆ. ಅದನ್ನೂ ದೀಪವನ್ನೂ ಒಂದೇ ಟೈಮರಿಗೆ ಹಾಕದೆ, ದೀಪಕ್ಕಿಂತ ಒಂದು ಗಂಟೆ ಮೊದಲು ತೆರೆದು ಒಂದು ಗಂಟೆ ಮೊದಲೇ ಮುಚ್ಚುವಂತೆ ಬೇರೆ ಟೈಮರ್ ಕೊಡಿ.

ಮೀನು ಚೇತರಿಸಿಕೊಂಡ ಮೇಲೆ ಮೊದಲಿನ ವೇಗಕ್ಕೇ ಹಿಂತಿರುಗಬೇಡಿ. 55 ಲೀಟರ್ ತೊಟ್ಟಿಗೆ ಎರಡು ಸೆಕೆಂಡಿಗೆ ಒಂದು ಗುಳ್ಳೆಯಿಂದ ಆರಂಭಿಸಿ, ಯೀಸ್ಟ್ ಆದರೆ ಎರಡರಲ್ಲಿ ಒಂದೇ ಬಾಟಲಿ ಜೋಡಿಸಿ, ಮೂರು ದಿನ ಬೆಳಗ್ಗೆ ದೀಪ ಹೊತ್ತುವ ಮೊದಲು ಡ್ರಾಪ್ ಚೆಕರ್ ನೋಡಿ. ಆ ಹೊತ್ತಿನಲ್ಲೂ ಹಳದಿಗೆ ತಿರುಗದಿದ್ದರೆ ಎರಡನೆಯದನ್ನು ಸೇರಿಸಬಹುದು.